ನೀರಿನ ಅಳತೆಗಳನ್ನು ಇಟ್ಟುಕೊಳ್ಳುವುದು, ಹಂಚಿಕೊಳ್ಳುವುದು: ಸಂಶೋಧಕರಿಗೊಂದು ಮಾರ್ಗದರ್ಶಿ

2018ರಲ್ಲಿ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿತ ನೀರು ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಯತೊಡಗಿತು. ಸುತ್ತಲಿನ ಬೋರ್‌ವೆಲ್‌ಗಳ ಮಟ್ಟವನ್ನೂ ನೀರಿನ ಗುಣವನ್ನೂ ಅದು ಎಷ್ಟು ಬದಲಿಸಿತು ಎಂದು ಇಂದು ಯಾರೇ ಲೆಕ್ಕ ಹಾಕಲಿ, ಅರ್ಧ ಉತ್ತರ ಇರುವುದು 2018ಕ್ಕೆ ಮೊದಲಿನ ಅಳತೆಗಳಲ್ಲಿ. ಅವನ್ನು ಈಗ ಹೋಗಿ ಅಳೆದು ತರಲಾಗದು. ಅಂದು ಅಳೆದವರ ಅಂಕಿಗಳು ಪ್ರಬಂಧದ ಕೊನೆಯ ಸರಾಸರಿ ಕೋಷ್ಟಕವಾಗಿ ಮಾತ್ರ ಉಳಿದಿದ್ದರೆ, ಯಾವ ಬಾವಿ, ಯಾವ ತಿಂಗಳು, ಮೋಟಾರ್ ಓಡುತ್ತಿತ್ತೋ ನಿಂತಿತ್ತೋ ಎಂಬುದೆಲ್ಲ ಕಳೆದುಹೋದಂತೆಯೇ. ಮಣ್ಣಿನ ಮಾದರಿಯನ್ನು ಡಬ್ಬಿಯಲ್ಲಿಟ್ಟು ಹತ್ತು ವರ್ಷದ ಮೇಲೂ ಪರೀಕ್ಷಿಸಬಹುದು. ಕಳೆದ ಮೇ ತಿಂಗಳ ನೀರಿನ ಮಟ್ಟವನ್ನು ಹಾಗೆ ಇಟ್ಟುಕೊಳ್ಳಲು ಬರುವುದಿಲ್ಲ.

ಗಟ್ಟಿಶಿಲೆಯ ಬಯಲುಸೀಮೆಯಲ್ಲಿ ಮಳೆ, ಕೆರೆ, ಬೋರ್‌ವೆಲ್ ಮಟ್ಟ, ನೀರಿನ ರಾಸಾಯನಿಕ ಗುಣ ಇವನ್ನು ಅಳೆಯುವ ಸಣ್ಣ ತಂಡಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಲೇಖನ ಬರೆದಿದ್ದೇವೆ: ಕಾಲೇಜಿನ ಪ್ರಯೋಗಾಲಯ, ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗ, ಸ್ವಯಂಸೇವಾ ಸಂಸ್ಥೆ. ನಾವು ಒತ್ತಿ ಹೇಳುವುದು ಇಷ್ಟೇ. ದತ್ತಾಂಶ ಹಂಚಿಕೆ ಪ್ರಬಂಧ ಅಚ್ಚಾದ ಮೇಲೆ ಮಾಡುವ ಕೆಲಸ ಎಂದುಕೊಂಡರೆ ಹಂಚಲು ಯೋಗ್ಯವಾದದ್ದು ಏನೂ ಉಳಿದಿರುವುದಿಲ್ಲ. ಆ ಕೆಲಸ ಬಾವಿಯ ಬಳಿ, ನೋಟ್‌ಬುಕ್ಕಿನಲ್ಲಿ ಶುರುವಾಗಬೇಕು.

ಮೊದಲ ಮಾದರಿಗೂ ಮುನ್ನ ಒಂದು ಹಾಳೆ

ತಂಡದ ಎಲ್ಲರೂ ಸಹಿ ಹಾಕಿದ ಒಂದು ಪುಟದ ಒಪ್ಪಂದ ಸಾಕು. ಅದರಲ್ಲಿ ಐದು ಮಾತು ಇರಲಿ: ಮೂಲ ಅಂಕಿಗಳು ಯಾರ ವಶದಲ್ಲಿರುತ್ತವೆ, ವಿದ್ಯಾರ್ಥಿ ಪದವಿ ಮುಗಿಸಿ ಹೊರಟಾಗ ಏನನ್ನು ಒಪ್ಪಿಸಿ ಹೋಗಬೇಕು, ಎಷ್ಟು ತಿಂಗಳ ನಂತರ ಸಾರ್ವಜನಿಕಗೊಳಿಸುತ್ತೀರಿ, ಇನ್ನೊಂದು ತಂಡ ಬಳಸಿದರೆ ಸಹಲೇಖಕರಾಗಿ ಸೇರಿಸಬೇಕೋ, ಉಲ್ಲೇಖಿಸಿದರೆ ಸಾಕೋ, ದತ್ತಾಂಶ ಇಡುವ ಆನ್‌ಲೈನ್ ಭಂಡಾರದ ಖಾತೆಯ ಪಾಸ್‌ವರ್ಡ್ ಯಾವ ಇಬ್ಬರ ಬಳಿ ಇರುತ್ತದೆ. ಮೂರನೆಯದಕ್ಕೆ ಸಂಖ್ಯೆಯನ್ನೇ ಬರೆಯಿರಿ. 'ಪ್ರಬಂಧ ಪ್ರಕಟವಾದ ನಂತರ' ಎಂದು ಬರೆದರೆ ಆ ದಿನ ಬರದೇ ಹೋಗಬಹುದು. 'ಕೊನೆಯ ಮಾದರಿ ತೆಗೆದ 18 ತಿಂಗಳಿಗೆ ಅಥವಾ ಪ್ರಬಂಧ ಬಂದ ದಿನ, ಯಾವುದು ಮೊದಲೋ ಅದು' ಎಂದರೆ ಎಲ್ಲರಿಗೂ ಸ್ಪಷ್ಟ.

ಬಾವಿಯ ಒಡೆಯರ ಒಪ್ಪಿಗೆಯನ್ನೂ ಈ ಹಂತದಲ್ಲೇ, ಕನ್ನಡದಲ್ಲಿ ಬರೆದ ಪತ್ರದ ಮೇಲೆ ಪಡೆಯಿರಿ. ಬಾವಿಯ ನೀರಿನ ಫಲಿತಾಂಶವನ್ನು ಬೇರೆ ಸಂಶೋಧಕರೂ ನೋಡುತ್ತಾರೆ, ಹೆಸರು ಮತ್ತು ಸರ್ವೆ ನಂಬರ್ ಹೊರಗೆ ಹೋಗುವುದಿಲ್ಲ ಎಂಬ ಎರಡು ವಾಕ್ಯ ಅದರಲ್ಲಿರಲಿ. ಆಮೇಲೆ ಹೋಗಿ ಕೇಳುವುದು ಕಷ್ಟ. ಅಷ್ಟರಲ್ಲಿ ಜಮೀನು ಪಾಲಾಗಿರಬಹುದು, ಬಾವಿ ಬತ್ತಿರಬಹುದು.

ಜಾಗಕ್ಕೊಂದು ಸಂಕೇತ, ಊರಿಗೊಂದು ಕೋಡ್

ಕರ್ನಾಟಕದಲ್ಲಿ ಹೊಸಹಳ್ಳಿಗಳು ಎಷ್ಟಿವೆ ಎಂದು ಒಮ್ಮೆ ಯೋಚಿಸಿ. ಬಾವಿಯನ್ನು ಊರಿನ ಹೆಸರಿನಿಂದ ಗುರುತಿಸಬೇಡಿ. ಪ್ರತಿ ಬಾವಿ, ಕೆರೆ, ಮಳೆಮಾಪಕಕ್ಕೆ ಒಂದು ಚಿಕ್ಕ ಸಂಕೇತ ಕೊಡಿ. ಅದು ಅಕ್ಷರದಿಂದ ಶುರುವಾಗಲಿ. 007 ಎಂದು ಬರೆದರೆ ಎಕ್ಸೆಲ್ ಅದನ್ನು 7 ಮಾಡಿಬಿಡುತ್ತದೆ. ಒಮ್ಮೆ ಕೊಟ್ಟ ಸಂಕೇತವನ್ನು, ಆ ಬಾವಿ ಮುಚ್ಚಿಹೋದರೂ, ಇನ್ನೊಂದಕ್ಕೆ ಕೊಡಬೇಡಿ. ಪಕ್ಕದಲ್ಲೇ ಹೊಸ ಬೋರ್ ಕೊರೆದರೆ ಅದು ಹೊಸ ಸಂಕೇತದ ಹೊಸ ಬಾವಿ.

ಊರಿನ ಹೆಸರಿನ ಜೊತೆ ಜನಗಣತಿಯ ಗ್ರಾಮ ಕೋಡನ್ನೂ ಬರೆದಿಡಿ. ಜಿಲ್ಲೆಗಳ ಗಡಿ ಮತ್ತು ಹೆಸರು ಬದಲಾಗುತ್ತವೆ. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಜಿಲ್ಲೆ ಬೇರೆಯಾಯಿತು, 2025ರಲ್ಲಿ ರಾಮನಗರ ಜಿಲ್ಲೆ ಬೆಂಗಳೂರು ದಕ್ಷಿಣವಾಯಿತು. ಕೋಡ್ ಇದ್ದರೆ ಹಳೆಯ ಹೊಸ ಕೋಷ್ಟಕಗಳನ್ನು ಜೋಡಿಸಬಹುದು.

ಅಕ್ಷಾಂಶ ರೇಖಾಂಶಗಳನ್ನು ದಶಮಾಂಶ ಡಿಗ್ರಿಯಲ್ಲಿ, ಜಿಪಿಎಸ್ ಬಳಸುವ ಡಬ್ಲ್ಯೂಜಿಎಸ್ 84 ಎಂಬ ಭೂಮಾದರಿಯ ಆಧಾರದಲ್ಲಿ, ಐದು ದಶಮಾಂಶ ಸ್ಥಾನಗಳವರೆಗೆ ಬರೆಯಿರಿ. ಐದನೆಯ ಸ್ಥಾನವೆಂದರೆ ಸುಮಾರು ಒಂದು ಮೀಟರ್; ಅದಕ್ಕಿಂತ ಹೆಚ್ಚು ಸ್ಥಾನ ಬರೆದರೆ ಫೋನಿನ ಜಿಪಿಎಸ್‌ಗೆ ಇಲ್ಲದ ನಿಖರತೆಯನ್ನು ಹೇಳಿಕೊಂಡಂತಾಗುತ್ತದೆ. ಮೀಟರಿನ ನಿರ್ದೇಶಾಂಕ, ಅಂದರೆ ಯುಟಿಎಂ, ಬಳಸುವವರು ವಲಯದ ಸಂಖ್ಯೆಯನ್ನು ಮರೆಯಬಾರದು. ವಲಯ 43 ಮತ್ತು 44ರ ಗಡಿ 78 ಡಿಗ್ರಿ ಪೂರ್ವ ರೇಖಾಂಶ, ಅದು ಕೋಲಾರ ಜಿಲ್ಲೆಯೊಳಗೇ ಹಾದುಹೋಗುತ್ತದೆ. ಮಾಲೂರು 43ರಲ್ಲಿ, ಕೋಲಾರ ಪಟ್ಟಣ 44ರಲ್ಲಿ. ವಲಯ ತಪ್ಪಾದರೆ ಬಾವಿ ನಕ್ಷೆಯ ಮೇಲೆ 650 ಕಿಲೋಮೀಟರ್ ಆಚೆ ಹೋಗಿ ಬೀಳುತ್ತದೆ. ಅಷ್ಟು ದೊಡ್ಡ ತಪ್ಪು ಕಣ್ಣಿಗೆ ಬೀಳುತ್ತದೆ, ಸರಿಪಡಿಸಬಹುದು. ಹಳೆಯ ಸರ್ವೆ ನಕ್ಷೆಯ, ಎವರೆಸ್ಟ್ ಎಂಬ ಬೇರೆ ಭೂಮಾದರಿಯ ಆಧಾರದಲ್ಲಿ ಓದಿದ ನಿರ್ದೇಶಾಂಕವನ್ನು ಹಾಗೆಯೇ ಸೇರಿಸಿದಾಗ ಆಗುವ ಸಣ್ಣ ಸ್ಥಾನಪಲ್ಲಟ ಹೆಚ್ಚು ಅಪಾಯ. ಅದು ಯಾರಿಗೂ ಕಾಣದೆ ಬಾವಿಯನ್ನು ಪಕ್ಕದ ಹೊಲಕ್ಕೆ ಒಯ್ಯುತ್ತದೆ.

ಎತ್ತರದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಜಿಪಿಎಸ್ ಉಪಕರಣ ಕೊಡುವ ಎತ್ತರ ದೀರ್ಘವೃತ್ತಜದ (ಭೂಮಿಯ ಗಣಿತದ ಮಾದರಿಯ) ಮೇಲಿನದೋ ಸಮುದ್ರಮಟ್ಟದ ಮೇಲಿನದೋ ಎಂದು ಬರೆಯದಿದ್ದರೆ ಆ ಅಂಕಿಗೆ ಅರ್ಥವಿಲ್ಲ. ಬೆಂಗಳೂರಿನ ಸುತ್ತ ಇವೆರಡರ ನಡುವೆ 80 ಮೀಟರಿಗೂ ಹೆಚ್ಚು ಅಂತರವಿದೆ. ಎರಡು ತಂಡಗಳ ಬಾವಿಗಳನ್ನು ಸೇರಿಸಿ ಅಂತರ್ಜಲ ಹರಿಯುವ ದಿಕ್ಕಿನ ನಕ್ಷೆ ಬರೆಯುವಾಗ ಒಬ್ಬರದು ಒಂದು ಬಗೆ, ಇನ್ನೊಬ್ಬರದು ಇನ್ನೊಂದು ಬಗೆಯಾದರೆ, ಇಲ್ಲದ ಕಣಿವೆಯೊಂದು ನಕ್ಷೆಯಲ್ಲಿ ಹುಟ್ಟಿಕೊಳ್ಳುತ್ತದೆ.

ಮಟ್ಟ ಅಳೆದಾಗ ಬರೆಯಬೇಕಾದದ್ದು

'ಬಾವಿ 14, ಮಟ್ಟ 62.4' ಎಂಬ ಸಾಲು ಅರ್ಧ ಅಳತೆ ಮಾತ್ರ. ಟೇಪನ್ನು ಎಲ್ಲಿಂದ ಹಿಡಿದು ಅಳೆದಿರಿ? ಕೇಸಿಂಗ್ ಪೈಪಿನ ಅಂಚಿನಿಂದಲೋ ನೆಲದಿಂದಲೋ? ಕೇಸಿಂಗ್ ನೆಲದಿಂದ 45 ಸೆಂಟಿಮೀಟರ್ ಮೇಲಿದ್ದರೆ ಅಷ್ಟೂ ತಪ್ಪು ಪ್ರತಿ ಅಳತೆಯಲ್ಲಿ ಸೇರಿಕೊಳ್ಳುತ್ತದೆ. ಅಂಚಿನ ಮೇಲೆ ಬಣ್ಣದಿಂದ ಒಂದು ಗುರುತು ಹಾಕಿ, ಅದರ ಎತ್ತರವನ್ನು ಜಾಗದ ಕೋಷ್ಟಕದಲ್ಲಿ ಬರೆದು, ಪ್ರತಿ ಸಲ ಅದೇ ಗುರುತಿನಿಂದ ಅಳೆಯಿರಿ. ಕೇಸಿಂಗ್ ಕತ್ತರಿಸಿದರೆ ಅಥವಾ ಸುತ್ತ ಮಣ್ಣು ತುಂಬಿಸಿದರೆ ಹೊಸ ಎತ್ತರವನ್ನು ದಿನಾಂಕದೊಡನೆ ಇನ್ನೊಂದು ಸಾಲಾಗಿ ಸೇರಿಸಿ. ಹಳೆಯ ಸಾಲನ್ನು ಅಳಿಸಬೇಡಿ.

ಇದಕ್ಕಿಂತ ಮುಖ್ಯವಾದದ್ದು ಮೋಟಾರಿನ ಸ್ಥಿತಿ. ಹಳ್ಳಿಗಳಲ್ಲಿ ತ್ರೀಫೇಸ್ ಕರೆಂಟ್ ಬಂದ ಗಳಿಗೆಯಲ್ಲೇ ಸುತ್ತಲಿನ ಬೋರ್‌ಗಳೆಲ್ಲ ಒಟ್ಟಿಗೆ ಓಡುತ್ತವೆ. ಗಟ್ಟಿಶಿಲೆಯ ಬಿರುಕುಗಳಲ್ಲಿ ನೀರಿನ ಸಂಗ್ರಹ ಕಡಿಮೆ, ಆದ್ದರಿಂದ ಮಟ್ಟ ಕೆಲವೇ ಗಂಟೆಗಳಲ್ಲಿ ಹತ್ತಾರು ಮೀಟರ್ ಇಳಿಯಬಹುದು, ನಿಂತ ಮೇಲೆ ನಿಧಾನವಾಗಿ ಏರಬಹುದು. ಹಾಗಾಗಿ ಪ್ರತಿ ಅಳತೆಯ ಎದುರು ಮೂರು ಸಂಗತಿ ಇರಲಿ: ಈ ಬಾವಿಯ ಮೋಟಾರ್ ಓಡುತ್ತಿದೆಯೇ, ನಿಂತಿದ್ದರೆ ಎಷ್ಟು ಹೊತ್ತಾಯಿತು, ಪಕ್ಕದ ಬಾವಿ ಓಡುತ್ತಿದೆಯೇ. ಈ ಮೂರಿಲ್ಲದೆ ವರ್ಷದಿಂದ ವರ್ಷಕ್ಕೆ ಮಟ್ಟ ಕುಸಿಯಿತು ಎಂದು ಹೇಳುವುದು ಧೈರ್ಯದ ಮಾತು.

ಬಾವಿ ಒಣಗಿದ್ದರೆ ಮಟ್ಟದ ಜಾಗದಲ್ಲಿ ಸೊನ್ನೆ ಬರೆಯಬೇಡಿ. ಸೊನ್ನೆ ಎಂದರೆ ನೀರು ನೆಲದ ಮಟ್ಟಕ್ಕೆ ಬಂದಿದೆ ಎಂದರ್ಥ. ಬಾವಿಯ ಆಳವನ್ನೂ ಅಲ್ಲಿ ಬರೆಯಬೇಡಿ. ಅಂಕಿಯನ್ನು ಖಾಲಿ ಬಿಟ್ಟು, ಪಕ್ಕದ ಗುರುತು ಕಾಲಂನಲ್ಲಿ 'ಒಣ' ಎಂದು ಬರೆಯಿರಿ. 'ಗೇಟ್ ಬೀಗ', 'ಟೇಪ್ ಸಿಕ್ಕಿಕೊಂಡಿತು', 'ಉಪಕರಣ ಕೆಟ್ಟಿತ್ತು' ಇವು ಬೇರೆ ಬೇರೆ ಕಾರಣಗಳು, ಬೇರೆ ಬೇರೆ ಗುರುತು. ಒಣಗಿದ ಬಾವಿ ಒಂದು ಮಾಹಿತಿ. ಬೀಗ ಹಾಕಿದ ಬಾವಿ ಬರೀ ಖಾಲಿ ಜಾಗ. ಎರಡನ್ನೂ ಒಂದೇ ರೀತಿ ಬಿಟ್ಟರೆ ಬರಗಾಲದ ವರ್ಷ ಲೆಕ್ಕದಲ್ಲಿ ಹಗುರವಾಗಿ ಕಾಣುತ್ತದೆ. ಏಕೆಂದರೆ ಒಣಗಿದ ಬಾವಿಗಳೆಲ್ಲ ಸರಾಸರಿಯಿಂದ ಹೊರಗುಳಿದು ನೀರಿರುವ ಬಾವಿಗಳು ಮಾತ್ರ ಎಣಿಕೆಗೆ ಬಂದಿರುತ್ತವೆ.

ಕೇಂದ್ರ ಅಂತರ್ಜಲ ಮಂಡಳಿ ತನ್ನ ಬಾವಿಗಳನ್ನು ವರ್ಷಕ್ಕೆ ನಾಲ್ಕು ಸಲ ಅಳೆಯುತ್ತದೆ: ಜನವರಿ, ಮುಂಗಾರಿಗೆ ಮುಂಚಿನ ಬೇಸಿಗೆ, ಆಗಸ್ಟ್, ನವೆಂಬರ್. ನಿಮ್ಮ ಸುತ್ತುಗಳಲ್ಲಿ ಕೆಲವಾದರೂ ಆ ತಿಂಗಳುಗಳಿಗೆ ಹೊಂದುವಂತೆ ಇಟ್ಟುಕೊಂಡರೆ ದಶಕಗಳ ಸರ್ಕಾರಿ ಸರಣಿಯ ಪಕ್ಕದಲ್ಲಿ ನಿಮ್ಮ ಅಂಕಿ ಕೂರಬಲ್ಲದು.

ಲಾಗರ್ ಇಳಿಬಿಟ್ಟವರಿಗೆ

ಬಾವಿಯೊಳಗಿನ ಒತ್ತಡದ ಲಾಗರ್‌ಗಳಲ್ಲಿ (ತಾವೇ ಅಳೆದು ದಾಖಲಿಸಿಕೊಳ್ಳುವ ಉಪಕರಣಗಳಲ್ಲಿ) ಹೆಚ್ಚಿನವು ನೀರಿನ ಭಾರ ಮತ್ತು ಗಾಳಿಯ ಭಾರ ಎರಡನ್ನೂ ಸೇರಿಸಿ ಅಳೆಯುತ್ತವೆ. ಗಾಳಿಯ ಪಾಲನ್ನು ಕಳೆಯಲು ನೆಲದ ಮೇಲೆ ಇನ್ನೊಂದು ಬ್ಯಾರೋಮೀಟರ್ ಲಾಗರ್ ಬೇಕು. 1 ಹೆಕ್ಟೋಪ್ಯಾಸ್ಕಲ್ ಎಂದರೆ 1.02 ಸೆಂಟಿಮೀಟರ್ ನೀರು. ನಮ್ಮ ಉಷ್ಣವಲಯದಲ್ಲಿ ಗಾಳಿಯ ಒತ್ತಡ ದಿನಕ್ಕೆ ಎರಡು ಸಲ, ಬೆಳಿಗ್ಗೆ ಮತ್ತು ರಾತ್ರಿ ಸುಮಾರು 10 ಗಂಟೆಗೆ, ಏರುತ್ತದೆ. 4 ಗಂಟೆಯ ಹೊತ್ತಿಗೆ ಇಳಿಯುತ್ತದೆ. ಈ ಏರಿಳಿತವನ್ನು ಕಳೆಯದಿದ್ದರೆ ಅಂತರ್ಜಲವೇ ದಿನಕ್ಕೆರಡು ಬಾರಿ ಕೆಲವು ಸೆಂಟಿಮೀಟರ್ ಉಸಿರಾಡಿದಂತೆ ಕಾಣುತ್ತದೆ. ಅದನ್ನು ಪಂಪಿಂಗ್ ಪರಿಣಾಮವೆಂದು ಓದಿಬಿಡುವುದು ಸುಲಭ.

ಇನ್ನೊಂದು ತಪ್ಪು ದೊಡ್ಡದು. ಹವಾಮಾನದ ಜಾಲತಾಣಗಳಲ್ಲಿ ಸಿಗುವ ಒತ್ತಡ ಸಾಮಾನ್ಯವಾಗಿ ಸಮುದ್ರಮಟ್ಟಕ್ಕೆ ಇಳಿಸಿ ಲೆಕ್ಕ ಹಾಕಿದ್ದು. ಸಮುದ್ರಮಟ್ಟದಿಂದ 800–900 ಮೀಟರ್ ಎತ್ತರದ ಬಯಲಿನಲ್ಲಿ ಅದನ್ನು ನೇರವಾಗಿ ಕಳೆದರೆ ನೀರಿನ ಮಟ್ಟ ಸುಮಾರು ಒಂದು ಮೀಟರ್ ತಪ್ಪುತ್ತದೆ.

ಪ್ರತಿ ಭೇಟಿಯಲ್ಲೂ ಕೈಯಿಂದ ಒಂದು ಅಳತೆ ತೆಗೆದು ಲಾಗರ್ ಅಂಕಿಯ ಜೊತೆ ಹೋಲಿಸಿ. ಲಾಗರ್ ಗಡಿಯಾರವನ್ನು ಫೋನಿನ ಗಡಿಯಾರದೊಡನೆ ನೋಡಿ, ವ್ಯತ್ಯಾಸವನ್ನು ಬರೆಯಿರಿ. ಹಂಚುವಾಗ ಮೂರು ಫೈಲ್ ಕೊಡಿ: ಲಾಗರ್‌ನಿಂದ ಇಳಿಸಿದ ಮೂಲ, ಗಾಳಿಯ ಒತ್ತಡದ ಸರಣಿ, ತಿದ್ದಿದ ಮಟ್ಟ. ತಿದ್ದಿದ್ದನ್ನು ಮಾತ್ರ ಕೊಟ್ಟರೆ ನಿಮ್ಮ ತಿದ್ದುಪಡಿಯ ತಪ್ಪನ್ನು ಮುಂದೆ ಯಾರೂ ಬಿಡಿಸಲಾರರು. ಹಳ್ಳದ ಹರಿವಿನ ದತ್ತಾಂಶಕ್ಕೂ ಇದೇ ನಿಯಮ. ಹರಿವಿನ ಜೊತೆಗೆ ನೀವು ನಿಜಕ್ಕೂ ಅಳೆದ ನೀರಿನ ಎತ್ತರ, ಎತ್ತರದಿಂದ ಹರಿವು ಕಂಡುಹಿಡಿದ ವಕ್ರರೇಖೆ, ಆ ರೇಖೆಗೆ ಆಧಾರವಾದ ಅಳತೆಗಳು ಎಲ್ಲವೂ ಇರಲಿ.

ಯಾವ ಗಂಟೆ, ಯಾವ ದಿನ

ಭಾರತ ಹವಾಮಾನ ಇಲಾಖೆಯ ಕ್ರಮದಲ್ಲಿ ಮಳೆಯ ದಿನ ಬೆಳಿಗ್ಗೆ 8:30ಕ್ಕೆ ಮುಗಿಯುತ್ತದೆ. ಜುಲೈ 3ರ ಎದುರು ಬರೆದ ಮಳೆ ಜುಲೈ 2ರ 8:30ರಿಂದ ಜುಲೈ 3ರ 8:30ರವರೆಗಿನದು. ಅಂದರೆ 2ರ ಸಂಜೆ ಸುರಿದ ಗುಡುಗುಮಳೆ ಪುಸ್ತಕದಲ್ಲಿ 3ಕ್ಕೆ ಸೇರುತ್ತದೆ. ನಿಮ್ಮ ಕೆರೆಯ ಮಟ್ಟದ ಲಾಗರ್ ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ ದಿನ ಎಣಿಸುತ್ತಿದ್ದರೆ, ಮಳೆ ಬೀಳುವ ಮುನ್ನವೇ ಕೆರೆ ಏರಿದಂತೆ ಕಾಣುತ್ತದೆ. ಉಪಗ್ರಹದ ದೈನಿಕ ಮಳೆ ಸಾಮಾನ್ಯವಾಗಿ ಯುಟಿಸಿ ಎಂಬ ಅಂತರರಾಷ್ಟ್ರೀಯ ಸಮಯದ ದಿನದ್ದು, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 5:30ರಿಂದ 5:30. ಮೂರು ಮೂಲ, ಮೂರು ಬಗೆಯ ದಿನ. ಯಾವ ದತ್ತಾಂಶದಲ್ಲಿ ದಿನ ಯಾವಾಗ ಶುರು, ಯಾವಾಗ ಮುಕ್ತಾಯ, ದಿನಾಂಕದ ಹಣೆಪಟ್ಟಿ ಶುರುವಿನದೋ ಕೊನೆಯದೋ ಎಂದು ವಿವರಣೆಯ ಫೈಲಿನಲ್ಲಿ ಒಂದು ಸಾಲು ಬರೆಯದೆ ಮುಂದೆ ಹೋಗಬೇಡಿ.

ದಿನಾಂಕವನ್ನು 2024-07-03, ಸಮಯವನ್ನು 08:30, ಜೊತೆಗೆ ಯುಟಿಸಿಗಿಂತ ನಮ್ಮ ಸಮಯ ಮುಂದಿರುವ +05:30 ಎಂದು ಬರೆಯಿರಿ. 03/07/2024 ಎಂದು ಬರೆದರೆ ಅಮೆರಿಕದ ಸೆಟ್ಟಿಂಗ್ ಇರುವ ಕಂಪ್ಯೂಟರ್ ಅದನ್ನು ಮಾರ್ಚ್ 7 ಎಂದು ಓದುತ್ತದೆ. ತಿಂಗಳ 13ನೇ ತಾರೀಖಿನಿಂದ ಮುಂದೆ ಹಾಗೆ ಓದಲಾಗದೆ ಪಠ್ಯವಾಗಿ ಬಿಡುತ್ತದೆ. ಒಂದೇ ಕಾಲಂನಲ್ಲಿ ಅರ್ಧ ದಿನಾಂಕ ಬಲಕ್ಕೆ, ಅರ್ಧ ಎಡಕ್ಕೆ ಅಂಟಿಕೊಂಡಿರುವುದು ಕಂಡರೆ ಈ ಅನಾಹುತ ಆಗಿಹೋಗಿದೆ ಎಂದು ತಿಳಿಯಿರಿ.

ಇಂಚು, ಟಿಎಂಸಿ, ಮಿಲಿಗ್ರಾಂ

ರೈತರು ಬೋರ್‌ವೆಲ್ ಇಳುವರಿಯನ್ನು ಇಂಚಿನಲ್ಲಿ ಹೇಳುತ್ತಾರೆ, ಆಳವನ್ನು ಅಡಿಯಲ್ಲಿ ಹೇಳುತ್ತಾರೆ. ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಳ್ಳಿ, ಪರಿವರ್ತನೆ ಇನ್ನೊಂದು ಕಾಲಂನಲ್ಲಿರಲಿ. 90 ಡಿಗ್ರಿ ವಿ-ನಾಚ್ (ಹರಿವು ಅಳೆಯುವ ವಿ ಆಕಾರದ ಕಚ್ಚು) ಮೇಲೆ 2 ಇಂಚು ನೀರು ಎಂದರೆ ಸೆಕೆಂಡಿಗೆ ಸುಮಾರು 0.8 ಲೀಟರ್. 4 ಇಂಚು ಎಂದರೆ ಅದರ ಎರಡರಷ್ಟಲ್ಲ, ಸುಮಾರು 4.5 ಲೀಟರ್, ಹರಿವು ಎತ್ತರದ ಎರಡೂವರೆ ಘಾತದಂತೆ ಏರುತ್ತದೆ. ಆದ್ದರಿಂದ ಇಂಚುಗಳ ಸರಾಸರಿ ತೆಗೆದು ಆಮೇಲೆ ಲೀಟರಿಗೆ ಬದಲಿಸಿದರೆ ಉತ್ತರ ತಪ್ಪು. ಮೊದಲು ಒಂದೊಂದನ್ನೂ ಬದಲಿಸಿ, ಆಮೇಲೆ ಸರಾಸರಿ. ಜಲಾಶಯದ ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಅಂದರೆ 28.32 ದಶಲಕ್ಷ ಘನ ಮೀಟರ್. ವಿದೇಶದ ಓದುಗರಿಗೆ ಆ ಮೂರಕ್ಷರ ಏನೂ ಹೇಳುವುದಿಲ್ಲ.

ರಾಸಾಯನಿಕ ಅಂಕಿಗಳಲ್ಲಿ ಗೊಂದಲ ಇನ್ನೂ ಆಳ. ನೈಟ್ರೇಟ್ ಲೀಟರಿಗೆ 10 ಮಿಲಿಗ್ರಾಂ ಎಂದರೆ ನೈಟ್ರೇಟ್ ಆಗಿಯೋ, ಅದರೊಳಗಿನ ಸಾರಜನಕವಾಗಿಯೋ? ಎರಡನೆಯದಾದರೆ 4.43ರಿಂದ ಗುಣಿಸಬೇಕು. ಆಗ ಅದು 44.3, ಕುಡಿಯುವ ನೀರಿನ ಭಾರತೀಯ ಮಾನಕ 10500ರ 45ರ ಮಿತಿಯ ಅಂಚಿಗೆ ಬಂತು. ಒಂದೇ ಅಂಕಿ ಒಂದು ಓದಿನಲ್ಲಿ ಒಳ್ಳೆಯ ನೀರು, ಇನ್ನೊಂದರಲ್ಲಿ ಆತಂಕದ ನೀರು. ಫಾಸ್ಫೇಟ್‌ಗೆ ಹೀಗೇ 3.07. ಕ್ಷಾರೀಯತೆಯನ್ನು ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಕೊಟ್ಟಿದ್ದೀರೋ ಬೈಕಾರ್ಬೊನೇಟ್ ಆಗಿಯೋ ಹೇಳಿ. ನಡುವಿನ ಗುಣಕ 1.22. ವಿದ್ಯುತ್ ವಾಹಕತೆಗೆ ಏಕಮಾನದ ಜೊತೆ 25 ಡಿಗ್ರಿ ಸೆಲ್ಸಿಯಸ್‌ಗೆ ಹೊಂದಿಸಿದೆಯೋ ಇಲ್ಲವೋ ಎಂಬುದೂ ಬೇಕು. ಒಂದು ಡಿಗ್ರಿಗೆ ಸುಮಾರು ಶೇ 2ರಷ್ಟು ಬದಲಾಗುವ ಗುಣ ಅದು.

ಪ್ರಯೋಗಾಲಯದಿಂದ ಬಂದ ಅಂಕಿ

ಪ್ರತಿ ಮಾದರಿಗೂ ತೆಗೆದ ಸಮಯ, ಪರೀಕ್ಷಿಸಿದ ಸಮಯ ಎರಡೂ ಇರಲಿ. ಆಮ್ಲ ಹಾಕದೆ 4 ಡಿಗ್ರಿಯಲ್ಲಿಟ್ಟ ನೈಟ್ರೇಟ್ ಮಾದರಿಗೆ 48 ಗಂಟೆಯ ಗಡುವಿದೆ. ವಾರ ಕಳೆದು ಪರೀಕ್ಷಿಸಿದ್ದರೆ ಅಂಕಿಯನ್ನು ಎಸೆಯಬೇಕಿಲ್ಲ, ಗುರುತು ಹಾಕಿ ಕೊಟ್ಟರೆ ಸಾಕು. ಸೋಸಿದ್ದೀರಾ, 0.45 ಮೈಕ್ರಾನ್ ಫಿಲ್ಟರಿನಲ್ಲೇ, ಬಾವಿಯ ಬಳಿಯೋ ಪ್ರಯೋಗಾಲಯಕ್ಕೆ ಬಂದ ಮೇಲೋ? ಕಬ್ಬಿಣ, ಮ್ಯಾಂಗನೀಸ್‌ಗೆ ಈ ಉತ್ತರವೇ ಫಲಿತಾಂಶವನ್ನು ನಿರ್ಧರಿಸುತ್ತದೆ.

ಪರೀಕ್ಷೆಯ ವಿಧಾನವನ್ನೂ ಬರೆಯಿರಿ. ಕೋಲಾರದಂಥ ಜಿಲ್ಲೆಯಲ್ಲಿ ಎಲ್ಲರೂ ಕೇಳುವುದು ಫ್ಲೋರೈಡ್. ಬಣ್ಣದ ಸ್ಪಾಡ್ನ್ಸ್ ವಿಧಾನ ಸುಮಾರು 1.4 ಮಿಲಿಗ್ರಾಂವರೆಗೆ ಮಾತ್ರ ನೇರ ಓದು ಕೊಡುತ್ತದೆ, ಅದರ ಮೇಲೆ ನೀರನ್ನು ತೆಳುಗೊಳಿಸಬೇಕು. ಅಲ್ಯೂಮಿನಿಯಂ ಇದ್ದರೆ ಓದು ಕಡಿಮೆ ಬರುತ್ತದೆ. ಅಯಾನು ಎಲೆಕ್ಟ್ರೋಡ್‌ನ ತೊಡಕುಗಳು ಬೇರೆ. ಒಂದು ತಂಡದ 1.4, ಇನ್ನೊಂದು ತಂಡದ 1.9 ಒಂದೇ ಬಾವಿಯದ್ದಾಗಿರಬಹುದು. ವಿಧಾನ, ತೆಳುಗೊಳಿಸಿದ ಪ್ರಮಾಣ ಗೊತ್ತಿದ್ದರೆ ವ್ಯತ್ಯಾಸದ ಕಾರಣ ಹುಡುಕಬಹುದು.

ಉಪಕರಣದ ಪತ್ತೆ ಮಿತಿಗಿಂತ ಕಡಿಮೆ ಬಂದದ್ದಕ್ಕೆ ಸೊನ್ನೆ ಬರೆಯಬೇಡಿ, ಮಿತಿಯ ಅರ್ಧವನ್ನೂ ತುಂಬಬೇಡಿ. ಅಂಕಿಯ ಕಾಲಂನಲ್ಲಿ ಮಿತಿಯನ್ನೇ, ಉದಾಹರಣೆಗೆ 0.05, ಬರೆದು ಪಕ್ಕದ ಕಾಲಂನಲ್ಲಿ 'ಇದಕ್ಕಿಂತ ಕಡಿಮೆ' ಎಂಬ ಗುರುತಿಡಿ. ಅದನ್ನು ಹೇಗೆ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂಬುದು ಬಳಸುವವರ ತೀರ್ಮಾನ, ಅದನ್ನು ನೀವು ಮೊದಲೇ ಮಾಡಿಬಿಟ್ಟರೆ ಅವರಿಗೆ ಹಿಂದಕ್ಕೆ ದಾರಿಯಿಲ್ಲ.

ಬಿಡುಗಡೆಗೆ ಮುನ್ನ ಅಯಾನು ಸಮತೋಲ ನೋಡಿ. ಧನ ಅಯಾನುಗಳ ಮತ್ತು ಋಣ ಅಯಾನುಗಳ ಮೊತ್ತವನ್ನು ಮಿಲಿಈಕ್ವಿವಲೆಂಟ್‌ನಲ್ಲಿ (ಅಯಾನಿನ ವಿದ್ಯುದಂಶವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಏಕಮಾನ) ತೆಗೆದು, ವ್ಯತ್ಯಾಸವನ್ನು ಒಟ್ಟು ಮೊತ್ತದಿಂದ ಭಾಗಿಸಿ ನೂರರಿಂದ ಗುಣಿಸಿ. ±5ರೊಳಗಿದ್ದರೆ ಸರಿ. ಹೊರಗಿದ್ದರೆ ಮೊದಲು ಏಕಮಾನದ ತಪ್ಪನ್ನು, ಆಮೇಲೆ ಬಿಟ್ಟುಹೋದ ಅಯಾನನ್ನು, ಕೊನೆಗೆ ಅದಲುಬದಲಾದ ಬಾಟಲಿಯನ್ನು ಹುಡುಕಿ. ಸಮತೋಲ ತರಲೆಂದು ಸೋಡಿಯಂ ಅನ್ನು ವ್ಯತ್ಯಾಸದಿಂದ ಲೆಕ್ಕ ಹಾಕಿ ತುಂಬಿದ್ದರೆ ಅದನ್ನು ಹೇಳಲೇಬೇಕು. ಅಂಥ ಕೋಷ್ಟಕದಲ್ಲಿ ಸಮತೋಲ ಸೊನ್ನೆ ಬಂದರೆ ಅದು ಯಾವುದನ್ನೂ ಸಾಬೀತು ಮಾಡುವುದಿಲ್ಲ.

ಕೋಷ್ಟಕ ಕಟ್ಟುವ ಬಗೆ

ಮೂರು ಕೋಷ್ಟಕ ಮಾಡಿ. ಒಂದು ಜಾಗಗಳದು, ಒಂದು ವಿಧಾನ ಮತ್ತು ಉಪಕರಣಗಳದು, ಒಂದು ಅಳತೆಗಳದು. ಅಳತೆಯ ಕೋಷ್ಟಕದಲ್ಲಿ ಸಾಲಿಗೊಂದು ಅಳತೆ: ಜಾಗದ ಸಂಕೇತ, ಸಮಯ, ಏನನ್ನು ಅಳೆದದ್ದು, ಅಂಕಿ, ಏಕಮಾನ, ವಿಧಾನದ ಸಂಕೇತ, ಗುರುತು, ಟಿಪ್ಪಣಿ. ತಿಂಗಳಿಗೊಂದು ಕಾಲಂ ಹರಡಿದ ಅಗಲ ಕೋಷ್ಟಕ ಕಣ್ಣಿಗೆ ಚೆಂದ, ಆದರೆ ಗುರುತು ಬರೆಯಲು ಅದರಲ್ಲಿ ಜಾಗವೇ ಇಲ್ಲ. ಅನುಮಾನದ ಅಂಕಿಗೆ ಹಳದಿ ಬಣ್ಣ ಹಚ್ಚುವ ರೂಢಿಯನ್ನು ಬಿಡಿ. ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಬರೀ ಪಠ್ಯದ ಫೈಲ್) ಆಗಿ ಉಳಿಸಿದ ಕೂಡಲೇ ಬಣ್ಣ ಮಾಯವಾಗುತ್ತದೆ. ವಿಲೀನಗೊಳಿಸಿದ ಕೋಶಗಳು, ಅಂಕಿಯ ಜೊತೆಗೇ ಬರೆದ ಏಕಮಾನ, ಹಾಳೆಯ ಕೊನೆಗೆ ಸೇರಿಸಿದ ಸರಾಸರಿಯ ಸಾಲು ಇವೂ ಬೇಡ.

ಕಡತಕೋಶದಲ್ಲಿ ಮೂಲ ಫೈಲುಗಳು ಬೇರೆ ಇರಲಿ, ಅವನ್ನು ಓದಲು ಮಾತ್ರ ಬರುವಂತೆ ಬೀಗ ಹಾಕಿ. ಮೂಲದಿಂದ ಅಂತಿಮಕ್ಕೆ ಬಂದ ದಾರಿ ಆರ್ ಅಥವಾ ಪೈಥಾನ್ ಸ್ಕ್ರಿಪ್ಟಿನಲ್ಲಿದ್ದರೆ ಒಳ್ಳೆಯದು, ಇಲ್ಲದಿದ್ದರೆ ಕೈಯಲ್ಲಿ ಮಾಡಿದ ತಿದ್ದುಪಡಿಗಳ ಪಟ್ಟಿ ದಿನಾಂಕದೊಡನೆ ಬೇಕು. ಪ್ರತಿಗಳು ಮೂರು, ಎರಡು ಬೇರೆ ಬಗೆಯ ಸಾಧನಗಳಲ್ಲಿ, ಒಂದು ಬೇರೆ ಕಟ್ಟಡದಲ್ಲಿ.

ಕನ್ನಡದಲ್ಲಿ ಬರೆದ ಊರ ಹೆಸರು, ಟಿಪ್ಪಣಿಗಳಿಗೆ ಒಂದು ವಿಶೇಷ ತೊಂದರೆ ಇದೆ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ್ದು ಯೂನಿಕೋಡ್ ಅಲ್ಲದಿದ್ದರೆ, ಆ ಫಾಂಟ್ ಇಲ್ಲದ ಕಡೆ ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳಾಗಿ ಕಾಣುತ್ತದೆ. ಹಂಚುವ ಮುನ್ನ ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರಗಳನ್ನು ಕಣ್ಣಾರೆ ನೋಡಿ. ಸಿಎಸ್‌ವಿಯನ್ನು ಉಳಿಸುವಾಗ ಯೂನಿಕೋಡ್‌ನ ಯುಟಿಎಫ್-8 ಆಯ್ಕೆ ಮಾಡಿ; ಎಕ್ಸೆಲ್‌ನಲ್ಲಿ ನೇರವಾಗಿ ತೆರೆಯುವವರಿಗಾಗಿ ಫೈಲಿನ ಶುರುವಿನಲ್ಲಿ ಬಿಒಎಂ ಎಂಬ ಗುರುತಿರುವ ಯುಟಿಎಫ್-8 ಇನ್ನೂ ಕ್ಷೇಮ. ಕಾಲಂ ಮತ್ತು ಫೈಲ್ ಹೆಸರುಗಳು ಮಾತ್ರ ಇಂಗ್ಲಿಷ್ ಸಣ್ಣಕ್ಷರಗಳಲ್ಲಿ, ನಡುವೆ ಜಾಗ ಬಿಡದೆ, ಅಂಡರ್‌ಸ್ಕೋರ್ ಹಾಕಿ ಇರಲಿ. ನಕ್ಷೆಗೆ ಶೇಪ್‌ಫೈಲ್ ಕೊಡುವವರು ಅದು ಕಾಲಂ ಹೆಸರನ್ನು ಹತ್ತು ಅಕ್ಷರಕ್ಕೆ ಕತ್ತರಿಸುತ್ತದೆ ಎಂಬುದನ್ನು ನೆನಪಿಡಿ. ನಕ್ಷೆಯ ಇನ್ನೊಂದು ಫೈಲ್ ಬಗೆಯಾದ ಜಿಯೋಪ್ಯಾಕೇಜ್‌ನಲ್ಲಿ ಈ ಕಾಟವಿಲ್ಲ, ಎಲ್ಲವೂ ಒಂದೇ ಫೈಲಿನಲ್ಲಿ ಕೂರುತ್ತದೆ.

ಕೊಡಬಾರದ್ದು

ಬಾವಿಯ ಒಡೆಯರ ಹೆಸರು, ಫೋನ್ ಸಂಖ್ಯೆ, ಸರ್ವೆ ನಂಬರ್, ಪಂಪ್‌ಸೆಟ್ಟಿನ ಆರ್‌ಆರ್ ನಂಬರ್ ಇವು ಸಾರ್ವಜನಿಕ ಫೈಲಿಗೆ ಹೋಗಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇದೆ ಎಂಬುದು ಒಂದು ಕಾರಣ. ಎಷ್ಟು ಇಂಚು ನೀರು ಯಾರ ಹೊಲದಲ್ಲಿದೆ ಎಂಬುದು ಹಳ್ಳಿಯಲ್ಲಿ ಜಮೀನಿನ ಬೆಲೆ, ನೆರೆಹೊರೆಯ ಜಗಳ ಎರಡನ್ನೂ ಮುಟ್ಟುವ ವಿಷಯ ಎಂಬುದು ಅದಕ್ಕಿಂತ ದೊಡ್ಡ ಕಾರಣ. ನಿರ್ದೇಶಾಂಕವನ್ನು ಎರಡು ದಶಮಾಂಶಕ್ಕೆ ಇಳಿಸಿದರೆ ಜಾಗ ಸುಮಾರು ಒಂದು ಕಿಲೋಮೀಟರ್ ಮಸುಕಾಗುತ್ತದೆ. ಪೂರ್ತಿ ನಿಖರ ನಿರ್ದೇಶಾಂಕ ಬೇಕಾದ ಸಂಶೋಧಕರಿಗೆ ಲಿಖಿತ ಷರತ್ತಿನ ಮೇಲೆ ಕೊಡಬಹುದು. ಮಸುಕುಗೊಳಿಸಿದ್ದನ್ನು ವಿವರಣೆಯಲ್ಲಿ ಹೇಳಿ, ಇಲ್ಲದಿದ್ದರೆ ಯಾರೋ ಆ ಅಂಕಿಯನ್ನೇ ನಂಬಿ ಬಾವಿ ಹುಡುಕಿಕೊಂಡು ಹೋಗುತ್ತಾರೆ. ಸರ್ಕಾರಿ ಕುಡಿಯುವ ನೀರಿನ ಬೋರ್, ಕೆರೆಗಳಿಗೆ ಈ ಮರೆ ಬೇಕಾಗಿಲ್ಲ. ಅಲ್ಲಿ ನಿಖರ ಜಾಗ ತಿಳಿದಿರುವುದೇ ಜನರಿಗೆ ಒಳಿತು.

ಇತರರಿಂದ ಪಡೆದ ಮಳೆ, ಹರಿವಿನ ಅಂಕಿಗಳನ್ನು ನಿಮ್ಮ ಕಟ್ಟಿನೊಳಗೆ ಸೇರಿಸುವ ಮುನ್ನ ಅವರ ಷರತ್ತು ಓದಿ. ಗಂಗಾ, ಬ್ರಹ್ಮಪುತ್ರಾ, ಸಿಂಧೂ ಕೊಳ್ಳಗಳ ಹರಿವಿನ ದತ್ತಾಂಶವನ್ನು ಕೇಂದ್ರ ಸರ್ಕಾರ ಗೋಪ್ಯ ವರ್ಗದಲ್ಲಿಟ್ಟಿದೆ. ಕಾವೇರಿ, ಕೃಷ್ಣೆಯಂಥವು ಸರ್ಕಾರದ ಜಲ ಮಾಹಿತಿಯ ಇಂಡಿಯಾ-ವ್ರಿಸ್ ತಾಣದಲ್ಲಿ ಸಿಗುತ್ತವೆ. ಮರುಹಂಚಿಕೆಗೆ ಅನುಮತಿ ಇಲ್ಲದ ಕಡೆ ಅಂಕಿಗಳನ್ನು ಬಿಟ್ಟು, ಯಾವ ಕೇಂದ್ರ, ಯಾವ ಅವಧಿ, ಯಾವ ದಿನ ಪಡೆದದ್ದು ಎಂಬ ವಿವರ ಮತ್ತು ನಿಮ್ಮ ಸ್ಕ್ರಿಪ್ಟ್ ಕೊಡಿ. ಬಳಸುವವರು ಅಲ್ಲಿಂದಲೇ ತಂದುಕೊಳ್ಳಲಿ.

ಎಲ್ಲಿ ಇಡುವುದು

ಡ್ರೈವ್ ಲಿಂಕ್ ಭಂಡಾರವಲ್ಲ. ವಿದ್ಯಾರ್ಥಿಯ ಮೇಲ್ ಖಾತೆ ಮುಚ್ಚಿದ ದಿನ ಅದೂ ಮುಚ್ಚುತ್ತದೆ. 'ಕೇಳಿದರೆ ಕೊಡುತ್ತೇವೆ' ಎಂಬ ಪ್ರಬಂಧದ ಸಾಲನ್ನೂ ನೆಚ್ಚಬಾರದು. ಕೇಳುವ ಹೊತ್ತಿಗೆ ಕೊಡುವವರು ಅಲ್ಲಿರುವುದಿಲ್ಲ.

ಡಿಒಐ ಎಂಬ ಶಾಶ್ವತ ಗುರುತು ಕೊಡುವ ಭಂಡಾರ ಬೇಕು. ಯುರೋಪಿನ ಸರ್ನ್ ಸಂಸ್ಥೆ ನಡೆಸುವ ಝೆನೋಡೋ ಉಚಿತ, ಒಂದು ದಾಖಲೆಗೆ 50 ಜಿಬಿವರೆಗೆ ಜಾಗ ಕೊಡುತ್ತದೆ. ಅಮೆರಿಕದ ವಿಶ್ವವಿದ್ಯಾಲಯಗಳ ಒಕ್ಕೂಟವಾದ ಕ್ವಾಸಿ ನಡೆಸುವ ಹೈಡ್ರೋಶೇರ್ ಜಲವಿಜ್ಞಾನಕ್ಕೆಂದೇ ಕಟ್ಟಿದ್ದು. ಅದರಲ್ಲಿ ಮೊದಲು ಖಾಸಗಿಯಾಗಿ ಇಟ್ಟು ತಂಡದವರಿಗೆ ನೋಡುವ ಅಥವಾ ತಿದ್ದುವ ಹಕ್ಕು ಕೊಡಬಹುದು, ಆಮೇಲೆ ಹುಡುಕಿದವರಿಗೆ ವಿವರ ಮಾತ್ರ ಕಾಣುವಂತೆ ಮಾಡಬಹುದು, ನಂತರ ಸಾರ್ವಜನಿಕಗೊಳಿಸಬಹುದು, ಕೊನೆಗೆ ಡಿಒಐ ಪಡೆದು ಪ್ರಕಟಿಸಬಹುದು. ಒಪ್ಪಂದದ 18 ತಿಂಗಳು ಕಾಯುವ ತಂಡಕ್ಕೆ ಈ ಮೆಟ್ಟಿಲುಗಳು ಚೆನ್ನಾಗಿ ಒದಗುತ್ತವೆ. ಎರಡರಲ್ಲೂ ಪ್ರಕಟಿಸಿದ ಮೇಲೆ ಫೈಲನ್ನು ಸುಮ್ಮನೆ ಬದಲಿಸಲಾಗದು. ಹೊಸ ಆವೃತ್ತಿಯನ್ನೇ ತರಬೇಕು. ಇದು ತೊಂದರೆಯಂತೆ ತೋರಿದರೂ, ಉಲ್ಲೇಖಿಸುವವರಿಗೆ ನೆಲೆ ಸಿಗುವುದು ಇದರಿಂದಲೇ.

ಪರವಾನಗಿಗೆ ಕ್ರಿಯೇಟಿವ್ ಕಾಮನ್ಸ್‌ನ ಸಿಸಿ ಬೈ 4.0 ಸಾಕು: ಬಳಸಿ, ಹೆಸರು ಹೇಳಿ. 'ವಾಣಿಜ್ಯೇತರ' ಷರತ್ತು ಸೇರಿಸುವ ಆಸೆಯನ್ನು ತಡೆದುಕೊಳ್ಳಿ. ನೀರಿನ ಯೋಜನೆಗೆ ವರದಿ ಬರೆಯುವ ಸಣ್ಣ ಸಲಹಾ ಸಂಸ್ಥೆ, ಶುಲ್ಕ ಪಡೆಯುವ ಕಾಲೇಜು ಇವೆಲ್ಲ ಆ ಷರತ್ತಿನ ಒಳಗೋ ಹೊರಗೋ ಎಂಬ ಅನುಮಾನದಲ್ಲೇ ಹಿಂದೆ ಸರಿಯುತ್ತಾರೆ. ಪರವಾನಗಿಯನ್ನೇ ಬರೆಯದಿರುವುದು ಇನ್ನೂ ಕೆಟ್ಟದ್ದು. ಅನುಮತಿ ಇದೆಯೆಂದು ಯಾರೂ ಊಹಿಸುವಂತಿಲ್ಲ.

ಲೇಖಕರ ಪಟ್ಟಿಯಲ್ಲಿ ಕ್ಷೇತ್ರದಲ್ಲಿ ಅಳೆದ ಸಹಾಯಕರನ್ನೂ, ಅವರ ಒಪ್ಪಿಗೆ ಪಡೆದು, ಸೇರಿಸಿ. ಪ್ರಬಂಧದಲ್ಲಿ ಜಾಗವಿಲ್ಲ ಎನ್ನುವವರು ದತ್ತಾಂಶದ ದಾಖಲೆಯಲ್ಲಿ ಹಾಗೆ ಹೇಳಲಾಗದು. ನಾಲ್ಕು ವರ್ಷ ಬಿಸಿಲಿನಲ್ಲಿ ಟೇಪ್ ಇಳಿಬಿಟ್ಟವರ ಹೆಸರು ಅಲ್ಲಿರಬೇಕು. ಸಂಶೋಧಕರನ್ನು ಗುರುತಿಸುವ 16 ಅಂಕಿಗಳ ಆರ್ಕಿಡ್ ಗುರುತನ್ನು ಎಲ್ಲರ ಹೆಸರಿಗೂ ಹಾಕಿದರೆ ಒಂದೇ ಹೆಸರಿನ ಇಬ್ಬರ ಗೊಂದಲವೂ ಇರದು.

ಗುಂಡಿ ಒತ್ತುವ ಮುನ್ನ

ಪೂರ್ತಿ ಕಟ್ಟನ್ನು ಬೇರೆ ವಿಭಾಗದ ಒಬ್ಬರಿಗೆ ಕೊಡಿ. ಫೋನ್ ಮಾಡುವಂತಿಲ್ಲ ಎಂಬ ಷರತ್ತಿನ ಮೇಲೆ ಮೂರು ಕೆಲಸ ಹೇಳಿ: ಒಂದು ಬಾವಿಯ ಮೇ ತಿಂಗಳ ಮಟ್ಟಗಳನ್ನು, ಮೋಟಾರ್ ನಿಂತಾಗ ಅಳೆದವುಗಳನ್ನು ಮಾತ್ರ, ರೇಖಾಚಿತ್ರವಾಗಿ ಬರೆಯುವುದು, ಆ ಮಟ್ಟವನ್ನು ಸಮುದ್ರಮಟ್ಟದಿಂದ ಇರುವ ಎತ್ತರವಾಗಿ ಬದಲಿಸುವುದು, ಪತ್ತೆ ಮಿತಿಗಿಂತ ಕೆಳಗಿನ ಮಾದರಿಗಳನ್ನು ಎಣಿಸುವುದು. ಅವರು ಎಲ್ಲಿ ತಡವರಿಸಿದರೋ ಅಲ್ಲಿಗೆ ಬೇಕಾದ ವಾಕ್ಯ ರೀಡ್‌ಮಿ ಎಂಬ ವಿವರಣೆಯ ಫೈಲಿನಲ್ಲಿ ಇಲ್ಲ ಎಂದು ಅರ್ಥ. ಬಾಯಲ್ಲಿ ಹೇಳಿ ಮುಗಿಸಬೇಡಿ, ಬರೆದು ಸೇರಿಸಿ. ಈ ಅರ್ಧ ದಿನದ ಕೆಲಸ ಬಹಳಷ್ಟು ತಪ್ಪುಗಳನ್ನು ಹಿಡಿಯುತ್ತದೆ. ಝೆನೋಡೋದಲ್ಲಿ ಅಭ್ಯಾಸಕ್ಕೆಂದೇ ಪ್ರತ್ಯೇಕ ತಾಣವಿದೆ, ಮೊದಲ ಸಲ ಹಾಕುವವರು ಅಲ್ಲೊಮ್ಮೆ ಹಾಕಿ ನೋಡಬಹುದು.

ಪ್ರಕಟಿಸಿದ ಮೇಲೆ ತಪ್ಪು ಸಿಕ್ಕರೆ ಹೊಸ ಆವೃತ್ತಿ ತನ್ನಿ. ಬದಲಾವಣೆಯ ಫೈಲಿನಲ್ಲಿ ಯಾವ ಬಾವಿ, ಯಾವ ದಿನಾಂಕಗಳು, ಹಳೆಯ ಅಂಕಿ, ಹೊಸ ಅಂಕಿ, ಕಾರಣ ಇಷ್ಟನ್ನೂ ಬರೆಯಿರಿ. 'ಸಣ್ಣಪುಟ್ಟ ತಿದ್ದುಪಡಿ' ಎಂದಷ್ಟೇ ಬರೆದರೆ ಹಳೆಯ ಆವೃತ್ತಿಯನ್ನು ಬಳಸಿದವರು ತಮ್ಮ ಲೆಕ್ಕವನ್ನು ಮತ್ತೆ ಮಾಡಬೇಕೋ ಬೇಡವೋ ತಿಳಿಯದೆ ಉಳಿಯುತ್ತಾರೆ.

ಒಂದು ಬಗೆಯ ಫಲಿತಾಂಶ ಮಾತ್ರ ಈ ಯಾವ ಹಂತಕ್ಕೂ ಕಾಯಬಾರದು. ಜನ ಕುಡಿಯುವ ಬೋರ್‌ನಲ್ಲಿ ಫ್ಲೋರೈಡ್ 1.5 ಮಿಲಿಗ್ರಾಂ ದಾಟಿದ್ದರೆ, ನೈಟ್ರೇಟ್ 45 ದಾಟಿದ್ದರೆ, ಅಥವಾ ಇ. ಕೋಲಿ ಕಂಡಿದ್ದರೆ, ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ ಖಚಿತಪಡಿಸಿಕೊಂಡ ಕೂಡಲೇ ಬಾವಿಯ ಒಡೆಯರಿಗೂ ಗ್ರಾಮ ಪಂಚಾಯಿತಿಗೂ ಕನ್ನಡದಲ್ಲಿ ಒಂದು ಹಾಳೆ ಕೊಡಿ: ಯಾವ ಬಾವಿ, ಮಾದರಿ ತೆಗೆದ ದಿನ, ಅಂಕಿ, ಮಿತಿ, ಕುಡಿಯಲು ಬಳಸಬಹುದೋ ಬಾರದೋ. ಫ್ಲೋರೈಡ್, ನೈಟ್ರೇಟ್ ಕುದಿಸಿದರೆ ಹೋಗುವುದಿಲ್ಲ ಎಂಬ ಮಾತನ್ನೂ ಬರೆಯಿರಿ, ಏಕೆಂದರೆ ಹಾಳೆ ಓದಿದ ಮನೆಯವರು ಮೊದಲು ಮಾಡುವುದು ಅದನ್ನೇ. ಹಾಳೆ ಕೊಟ್ಟ ದಿನಾಂಕವನ್ನು ಜಾಗದ ಕೋಷ್ಟಕದಲ್ಲಿ ಒಂದು ಕಾಲಂ ಮಾಡಿ ತುಂಬಿ. ಮುಂದಿನ ವರ್ಷ ಆ ಬಾವಿಯ ಬಳಕೆ ಏಕೆ ನಿಂತಿತು ಎಂದು ಹುಡುಕುವ ಸಂಶೋಧಕರಿಗೆ ಆ ಕಾಲಂ ಬೇಕಾಗುತ್ತದೆ.